ಸಿಗದ ಗರಿಗಳ ಲೆಕ್ಕ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯಲ್ಲಿ ಕುಂಭಾರಿ ಸಿಗುತ್ತದೆ. ಇಲ್ಲಿನ ಬಯಲಲ್ಲಿ ಬೀಡಿ ಕಾರ್ಮಿಕರ ಸಾವಿರಾರು ಮನೆಗಳು ಎದ್ದಿವೆ. ಇಲ್ಲಿನ ರೇ ನಗರದ 15,000 ಮನೆಗಳು 2024ರ ಜನವರಿಯಲ್ಲಿ ದುಡಿಯುವವರ ಕೈಸೇರಿದವು. ಬಡವರಿಗೆ ಸೂರು ಬೇಕೇ ಬೇಕು. ಸೌರಫಲಕ, ಗಾಳಿಯಂತ್ರ, ವಿದ್ಯುತ್ ತಂತಿಗಳೂ ಬೇಕು. ಎಲ್ಲದಕ್ಕೂ ಮೊದಲು ನೆನಪಾಗುವುದು ಹುಲ್ಲು ಬೆಳೆವ ಮಡ್ಡಿ ನೆಲ. ದೇಶದ ಪಾಳುಭೂಮಿ ನಕಾಶೆಗಳಲ್ಲಿ ಇಂಥ ಎಷ್ಟೋ ಹುಲ್ಲುಗಾವಲುಗಳು ಪಾಳು ಎಂದೇ ದಾಖಲಾಗಿವೆ. ಆ ಪಾಳಿನಲ್ಲಿ ಯಾರ ಸಂಸಾರವಿದೆ ಎಂದು ನೋಡಿ ಹೇಳುವುದು ಪಕ್ಷಿ ಸಮೀಕ್ಷೆ ಮಾಡುವ ಪರಿಸರ ಸಲಹೆಗಾರರ ಕಸುಬು.

ಸೊಲ್ಲಾಪುರದ ಉತ್ತರಕ್ಕಿರುವ ನಾನ್ನಜ್ ಬಯಲು ಈ ಕಸುಬಿನ ದೊಡ್ಡ ಪಾಠಶಾಲೆ. ಮರಾಠಿಯವರು ಮಾಳಢೋಕ ಎನ್ನುವ ಎರೆಭೂತ ಹಕ್ಕಿಗಾಗಿ 1979ರಲ್ಲಿ ಅಲ್ಲಿ ಅಭಯಾರಣ್ಯವಾಯಿತು. 80ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಅಲ್ಲಿ ಕೂತು ಅದರ ಬದುಕನ್ನು ಓದಿದರು. ಗಂಡು 15 ಕಿಲೋವರೆಗೂ ತೂಗುತ್ತದೆ. ಹೆಣ್ಣು ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಕಣ್ಣುಗಳು ತಲೆಯ ಅಕ್ಕಪಕ್ಕದಲ್ಲಿರುವುದರಿಂದ ನೇರ ಎದುರಿನ ತಂತಿ ಕಾಣುವುದು ಕಷ್ಟ. ಕಂಡಾಗಲೂ ಆ ಭಾರದ ಮೈ ಥಟ್ಟನೆ ತಿರುಗದು. ಈಗ ಬಯಲಲ್ಲಿ ಸ್ವತಂತ್ರವಾಗಿ ಬದುಕುವ ಇವು ಇಡೀ ಲೋಕದಲ್ಲಿ ಇನ್ನೂರೂ ಇಲ್ಲ.

ಸಮೀಕ್ಷೆಯವರು ದಿಬ್ಬದ ಮೇಲೆ ತಾಸುಗಟ್ಟಲೆ ಕೂತು, ಯಾವ ಹಕ್ಕಿ ಎಷ್ಟು ಎತ್ತರದಲ್ಲಿ ಹಾದುಹೋಯಿತು, ಆ ಎತ್ತರ ಗಾಳಿಯಂತ್ರದ ರೆಕ್ಕೆಗೆ ಸಿಕ್ಕುವಂಥದ್ದೇ ಎಂದು ಬರೆದುಕೊಳ್ಳುತ್ತಾರೆ. ಮಳೆಗಾಲದಲ್ಲಿ ಮಾತ್ರ ನೋಡಿದರೆ ಸಾಲದು. ಮಧ್ಯ ಏಷ್ಯಾದಿಂದ ಹಾರಿಬಂದ ಹ್ಯಾರಿಯರ್ ಎಂಬ ಬೇಟೆಹಕ್ಕಿಗಳು ಹುಲ್ಲಿನೊಳಗೆ ರಾತ್ರಿ ತಂಗುವುದು ಚಳಿಗಾಲದಲ್ಲಿ. ನೆಲಗುಬ್ಬಿ, ಟಿಟ್ಟಿಭಗಳ ಗೂಡಾದರೋ ಕಾಲಿಗೆ ತಾಗುವಷ್ಟು ಹತ್ತಿರ ಹೋದರೂ ಕಾಣದು. ಕುರಿ ಕಾಯುವವರನ್ನು ಕೇಳದೆ ಬರೆದ ವರದಿಯನ್ನು ನಾನಂತೂ ಅರ್ಧ ವರದಿ ಎಂದೇ ಎಣಿಸುತ್ತೇನೆ.

ನನಗೆ ಅತಿ ಮೆಚ್ಚಿಗೆಯಾದದ್ದು ಸತ್ತ ಹಕ್ಕಿಗಳನ್ನು ಎಣಿಸುವ ಬಗೆ. ತಂತಿಯ ಕೆಳಗೆ ನಡೆಯುತ್ತ ಹುಡುಕಿದಾಗ ಒಂದು ಹಕ್ಕಿ ಸಿಕ್ಕಿತೆನ್ನಿ. ಸತ್ತದ್ದು ಒಂದೇ ಎಂದು ಬರೆದರೆ ಅದು ಸುಳ್ಳು ಲೆಕ್ಕ. ಅದಕ್ಕಾಗಿ ಹುಡುಕುವವರಿಗೆ ಗೊತ್ತಿಲ್ಲದಂತೆ ಕೆಲವು ಸತ್ತ ಕೋಳಿಮರಿಗಳನ್ನು ಮೊದಲೇ ಹುಲ್ಲಿನಲ್ಲಿ ಇಟ್ಟಿರುತ್ತಾರೆ. ಇಟ್ಟವುಗಳಲ್ಲಿ ಅರ್ಧ ಮಾತ್ರ ಅವರ ಕಣ್ಣಿಗೆ ಬಿದ್ದವು ಎಂದುಕೊಳ್ಳಿ. ಇನ್ನಷ್ಟನ್ನು ಹಾಗೇ ಬಿಟ್ಟು, ನಾಯಿನರಿಗಳು ಎಷ್ಟು ದಿನದಲ್ಲಿ ಹೊತ್ತೊಯ್ಯುತ್ತವೆ ಎಂದು ಕಾಯುತ್ತಾರೆ. ಮುಂದಿನ ಹುಡುಕಾಟದ ಹೊತ್ತಿಗೆ ಅವುಗಳಲ್ಲಿ ಅರ್ಧ ಮಾಯವಾದವು ಎನ್ನಿ. ಆಗ ಸಿಕ್ಕ ಒಂದು ಹಕ್ಕಿ ನಾಲ್ಕು ಸಾವಿಗೆ ಸಾಕ್ಷಿಯಾಗುತ್ತದೆ. ಕೈಗೆ ಸಿಗದ ಹಕ್ಕಿಯನ್ನೂ ಲೆಕ್ಕಕ್ಕೆ ಹಿಡಿಯುವ ಈ ಪ್ರಾಮಾಣಿಕತೆ ಯಾವ ವಿಜ್ಞಾನಕ್ಕೂ ಹೆಮ್ಮೆಯದು.

ನಮ್ಮಲ್ಲಿ ಸೌರ, ಪವನ ಯೋಜನೆಗಳಿಗೆ 2006ರ ಪರಿಸರ ಅಧಿಸೂಚನೆಯಂತೆ ಮುಂಗಡ ಪರವಾನಗಿ ಬೇಕಿಲ್ಲ. ಹಾಗಾಗಿ ಎಷ್ಟೋ ಸಲ ಇಂಥ ಸಮೀಕ್ಷೆಯನ್ನು ಕೇಳುವುದು ಸಾಲ ಕೊಡುವ ಬ್ಯಾಂಕು. ಕಂಬ ನೆಟ್ಟ ಮೇಲೆ ಸಲಹೆಗಾರರನ್ನು ಕರೆದರೆ, ಹಕ್ಕಿಗೆ ಕಾಣುವಂತೆ ತಂತಿಗೆ ತಿರುಗುವ ಬಿಲ್ಲೆ ತೂಗುಹಾಕಿ ಎನ್ನುವುದಕ್ಕಿಂತ ಹೆಚ್ಚೇನೂ ಅವರ ಕೈಲಿ ಉಳಿದಿರುವುದಿಲ್ಲ. ನಕಾಶೆ ಬರೆಯುವಾಗಲೇ ಕರೆದರೆ, ಹುಲ್ಲುಗಾವಲು ಸೀಳುವ ಲೈನನ್ನು ರಸ್ತೆಬದಿಯ ಹಳೇ ಲೈನಿನ ಪಕ್ಕಕ್ಕೆ ಸರಿಸಿಕೊಡುತ್ತಾರೆ.