ಕೋಲಾರ ಸೀಮೆಯ ಭಾಷಾಬಾಂಧವ್ಯ

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಸುಗ್ಗಿಯ ಒಂದು ಬೆಳಗನ್ನು ಕಳೆದವರಿಗೆ ಈ ಸೀಮೆಯ ಭಾಷಾಸ್ಥಿತಿಯನ್ನು ವಿವರಿಸಬೇಕಾದುದಿಲ್ಲ. ಮನೆಯಲ್ಲಿ ತೆಲುಗನ್ನಾಡುವ ರೈತನು ತಮಿಳು ವ್ಯಾಪಾರಿಯೊಡನೆ ಬೆಲೆಯನ್ನು ಕುದುರಿಸಿ, ಕಚೇರಿಗೆ ಕನ್ನಡದಲ್ಲಿ ಅರ್ಜಿಯನ್ನು ಬರೆಯುವನು. ಮುಳಬಾಗಿಲಿನಲ್ಲಿಯೂ ಮನೆಮಾತು ಬಹುಮಟ್ಟಿಗೆ ತೆಲುಗೇ. ಮಾಲೂರಿನ ಮಗ್ಗುಲಲ್ಲಿಯೇ ತಮಿಳುನಾಡಿನ ಗಡಿ. ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನಗಳು. ಇಂಥ ಸೀಮೆಯಲ್ಲಿ ಕನ್ನಡವು ಉಳಿಯುವುದೆಂತು ಎಂದು ಚಿಂತಿಸುವ ಮಹನೀಯರುಂಟು. ಅವರು ಒಮ್ಮೆ ಯೂರೋಪಿನ ಭಾಷಾಚರಿತ್ರೆಯತ್ತ ದೃಷ್ಟಿಯನ್ನು ಹರಿಸುವುದು ಒಳ್ಳೆಯದು.

ಅಲ್ಲಿ ಫಿನ್ನೋ-ಉಗ್ರಿಕ್ ಎಂಬ ಭಾಷಾವರ್ಗವೊಂದಿದೆ. ಫಿನ್ಲೆಂಡು, ಎಸ್ಟೋನಿಯಾ, ಹಂಗೇರಿಗಳ ಭಾಷೆಗಳೂ, ಉತ್ತರದ ಸಾಮಿ ಜನರ ನುಡಿಗಳೂ, ರಷ್ಯಾದ ವೋಲ್ಗಾ ಪ್ರಾಂತದ ಮಾರಿ ಮತ್ತು ಮೊರ್ದ್ವಿನ್, ಯೂರಲ್ ಪರ್ವತದಾಚೆಯ ಖಾಂತಿ ಮತ್ತು ಮಾನ್ಸಿ ಭಾಷೆಗಳೂ ಈ ಕುಲಕ್ಕೆ ಸೇರಿದವು. ಫಿನ್ಲೆಂಡಿಗೂ ಹಂಗೇರಿಗೂ ಸಾವಿರ ಕಿಲೋಮೀಟರಿಗೂ ಮೀರಿದ ಅಂತರ. ನಡುವೆಯೆಲ್ಲ ಅನ್ಯಕುಲದ ಭಾಷೆಗಳು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆದರೂ ಮೀನಿಗೆ ಅವರು ‘ಕಲ’ ಎಂದರೆ ಇವರು ‘ಹಲ್’ ಎನ್ನುವರು. ಮೂರಕ್ಕೆ ಅಲ್ಲಿ ‘ಕೊಲ್ಮೆ’, ಇಲ್ಲಿ ‘ಹಾರೊಮ್’. ಅಲ್ಲಿಯ ಕಕಾರಕ್ಕೆ ಇಲ್ಲಿ ಹಕಾರವು ಬರುವ ಇಂಥ ನಿಯಮಗಳಿಂದಲೇ ಪಂಡಿತರು ಬಾಂಧವ್ಯವನ್ನು ಸಾಧಿಸಿದರು. ಹಂಗೇರಿಯ ಸಾಯ್ನೋವಿಚ್ ಎಂಬಾತನು ತನ್ನ ಭಾಷೆಗೂ ಸಾಮಿಗೂ ಇರುವ ಸಂಬಂಧವನ್ನು ಪ್ರತಿಪಾದಿಸಿದ್ದು 1770ರಲ್ಲಿ.

ಇದೇ ನ್ಯಾಯವು ನಮ್ಮ ಬೀದಿಯಲ್ಲಿಯೇ ಕಾಣುತ್ತದೆ. ತಮಿಳಿನ ‘ಪಾಲ್’, ತೆಲುಗಿನ ‘ಪಾಲು’ ನಮಗೆ ‘ಹಾಲು’. ಅವರಿಬ್ಬರ ‘ಪುಲಿ’ ನಮಗೆ ‘ಹುಲಿ’. ಹಳಗನ್ನಡದಲ್ಲಿ ನಾವೂ ‘ಪಾಲ್’, ‘ಪುಲಿ’ ಎಂದೇ ಬರೆಯುತ್ತಿದ್ದೆವು. ಈ ಭಾಷೆಗಳು ಒಂದೇ ಮೂಲದವೆಂದು ಎಲ್ಲಿಸ್ ಸಾಹೇಬನು 1816ರಲ್ಲಿಯೇ ತೋರಿಸಿದನು. ಕಾಲ್ಡ್‌ವೆಲ್ ಪಾದ್ರಿಯು 1856ರ ತನ್ನ ವ್ಯಾಕರಣದಲ್ಲಿ ಇವುಗಳಿಗೂ ಫಿನ್ನಿಷ್ ಮೊದಲಾದುವಕ್ಕೂ ನೆಂಟಸ್ತಿಕೆಯನ್ನು ಊಹಿಸಿದನು. ಆ ದೂರದ ನೆಂಟಸ್ತಿಕೆಯನ್ನು ವಿದ್ವಾಂಸರು ಸಿದ್ಧವೆಂದು ಒಪ್ಪಿಲ್ಲ; ಹತ್ತಿರದ ಬಾಂಧವ್ಯವಾದರೋ ನಿಸ್ಸಂದೇಹವಾದುದು.

ಹಾಗಾದರೆ ಭಾಷೆಯನ್ನು ಉಳಿಸುವುದು ಯಾವುದು? ಲಾಟ್ವಿಯಾದ ಲಿವೋನಿಯನ್ ಎಂಬ ಫಿನ್ನಿಷ್ ಬಂಧುವನ್ನು ಹುಟ್ಟುಮಾತಾಗಿ ಕಲಿತಿದ್ದ ಕೊನೆಯ ವೃದ್ಧೆ 2013ರಲ್ಲಿ ತೀರಿಕೊಂಡಳು. ಆ ಜನರು ತಲೆಮಾರಿನಿಂದ ತಲೆಮಾರಿಗೆ ಲಾಟ್ವಿಯನ್ ಭಾಷೆಗೆ ತಿರುಗಿಕೊಂಡಿದ್ದರು. ಫಿನ್ಲೆಂಡಿನಲ್ಲಿಯೂ ಒಂದು ಕಾಲಕ್ಕೆ ಆಡಳಿತವೆಲ್ಲ ಸ್ವೀಡಿಷ್ ಭಾಷೆಯಲ್ಲಿಯೇ ನಡೆಯುತ್ತಿದ್ದಿತು. 1863ರ ರಾಜಾಜ್ಞೆಯಿಂದ ಫಿನ್ನಿಷ್ ಭಾಷೆಗೆ ಕಚೇರಿಯ ಬಾಗಿಲು ತೆರೆಯಿತು. ಬಳಕೆಯಿಂದ ಅದು ಬಲಿಯಿತು. ಅದಕ್ಕಾಗಿ ಸ್ವೀಡಿಷನ್ನು ಹೊರಗಟ್ಟಲಿಲ್ಲ. ಇಂದಿಗೂ ಎರಡೂ ಆ ರಾಷ್ಟ್ರದ ಭಾಷೆಗಳೇ.

ನಮ್ಮ ಅಧಿಕಾರಿಗಳೂ ಉಪಾಧ್ಯಾಯರೂ ಗಮನಿಸಬೇಕಾದುದು ಇದನ್ನೇ. ಕಚೇರಿಯಲ್ಲಿ, ಪಾಠಶಾಲೆಯಲ್ಲಿ ಕನ್ನಡವು ಸಂಪೂರ್ಣವಾಗಿ ನಡೆಯಲಿ, ಅದರಲ್ಲಿ ರಾಜಿಯಿಲ್ಲ. ಆದರೆ ಮುಳಬಾಗಿಲಿನ ಹುಡುಗನು ತರಗತಿಯಲ್ಲಿ ‘ಪಾಲು’ ಎಂದನೆಂದು ಅವನನ್ನು ನಗೆಗೀಡುಮಾಡುವುದು ಅವಿವೇಕ. ಆ ಪಕಾರವನ್ನು ಹಕಾರಕ್ಕೆ ತಿರುಗಿಸಿ ತೋರಿಸಿದರೆ ಅವನು ಅರ್ಧ ದಾರಿಯನ್ನು ಆಗಲೇ ನಡೆದುಬಂದಿರುತ್ತಾನೆ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. 1983ರ ಜ್ಞಾನಪೀಠ ಪ್ರಶಸ್ತಿಯನ್ನು ಅವರು ತಂದುದು ಕನ್ನಡಕ್ಕೆ. ಮನೆಮಾತನ್ನು ಹಳಿದು ಅಂಥವರನ್ನು ಪಡೆಯಲಾಗದು. ಕನ್ನಡದ ಮನೆಗೆ ಆದರದಿಂದ ಬರಮಾಡಿಕೊಂಡೇ ಪಡೆಯಬೇಕು.