ನಕಲು ಸಿಕ್ಕಿತು, ಮೂಲ ಯಾವುದು?

ಹಲಸಿನ ಹಪ್ಪಳದ ಬಗ್ಗೆ ಹಿಂದೊಮ್ಮೆ ಬರೆದು ನನ್ನ ಪುಟ್ಟ ಜಾಲತಾಣದಲ್ಲಿ ಹಾಕಿದ್ದೆ. ಅವಸರದಲ್ಲಿ ಬೆರಳು ಜಾರಿ ‘ಸೊಳೆ’ ಹೋಗಿ ‘ಸೊಳ್ಳೆ’ ಆಗಿತ್ತು. ‘ಬಲಿತ ಹಲಸಿನ ಸೊಳ್ಳೆ ಬಿಡಿಸಿ ಉಗಿಯಲ್ಲಿ ಬೇಯಿಸಿ’ ಎಂದು ಅಡುಗೆ ಹೇಳಿಕೊಟ್ಟಿದ್ದೆ! ಓದಿದ ಅತ್ತಿಗೆ ಫೋನ್ ಮಾಡಿ ನಕ್ಕ ಮೇಲೆಯೇ ನನಗೆ ಗೊತ್ತಾದದ್ದು. ತಿದ್ದುವ ಮೊದಲು ಕುತೂಹಲಕ್ಕೆ ಆ ಸಾಲನ್ನೇ ಉದ್ಧರಣ ಚಿಹ್ನೆಯೊಳಗೆ ಇಟ್ಟು ಗೂಗಲ್‌ನಲ್ಲಿ ಹುಡುಕಿದೆ. ಮೊದಲು ಬಂದದ್ದು ನನ್ನ ಪುಟವಲ್ಲ, ಹೆಸರೂ ಕೇಳಿರದ ಒಂದು ತಾಣ. ಅಲ್ಲಿಯೂ ಸೊಳ್ಳೆ ಬೇಯುತ್ತಿತ್ತು. ಕೆಳಗೆ ಇನ್ನೊಂದು ತಾಣ, ಅಲ್ಲಿಯೂ ಸೊಳ್ಳೆ. ನನ್ನದು ಮೂರನೆಯದು. ಪಟ್ಟಿಯ ತುದಿಯಲ್ಲಿ, ಮೇಲಿನವನ್ನೇ ಬಹಳ ಹೋಲುವ ಕೆಲವು ಪುಟಗಳನ್ನು ಬಿಟ್ಟಿದ್ದೇವೆ ಎಂಬ ಒಂದು ಸಣ್ಣ ಸೂಚನೆ.

ಸಿಟ್ಟು ಬಂದದ್ದು ನಿಜ. ಆದರೆ ಸಿಟ್ಟಿಗಿಂತ ಹೆಚ್ಚು ಕಾಡಿದ್ದು ಆ ಸೂಚನೆ. ಕೋಟಿಗಟ್ಟಲೆ ಪುಟಗಳ ನಡುವೆ ಇವು ಒಂದೇ ಎಂದು ಯಂತ್ರಕ್ಕೆ ತಿಳಿದದ್ದು ಹೇಗೆ? ಅಷ್ಟು ತಿಳಿದ ಯಂತ್ರಕ್ಕೆ ಬರೆದವರು ಯಾರೆಂದು ತಿಳಿಯದೆ ಹೋದದ್ದು ಹೇಗೆ?

ಜಾಲದಲ್ಲಿರುವ ನಕಲುಗಳೆಲ್ಲ ಕಳವಿನ ಮಾಲಲ್ಲ. ಒಂದೇ ಪುಟಕ್ಕೆ ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಇರುವ ವಿಳಾಸ ಒಂದು, ಇಲ್ಲದ ವಿಳಾಸ ಇನ್ನೊಂದು. ಮುದ್ರಣಕ್ಕೆಂದು ಒಂದು ಪ್ರತಿ, ಮೊಬೈಲಿಗೆಂದು ಒಂದು ಪ್ರತಿ. ಸುದ್ದಿಸಂಸ್ಥೆ ಕಳಿಸಿದ ಒಂದೇ ವರದಿ ಹತ್ತು ಪತ್ರಿಕೆಗಳ ತಾಣಗಳಲ್ಲಿ ಬರುತ್ತದೆ, ಅವರೆಲ್ಲ ಅದಕ್ಕೆ ದುಡ್ಡು ಕೊಟ್ಟಿರುತ್ತಾರೆ. ಗೂಗಲ್‌ನಲ್ಲಿದ್ದ ಮ್ಯಾಟ್ ಕಟ್ಸ್ 2013ರಲ್ಲಿ, ಜಾಲದ ಬರಹದಲ್ಲಿ ಶೇ 25ರಿಂದ 30ರಷ್ಟು ನಕಲೇ ಎಂದಿದ್ದರು. ಆ ನಕಲಿನಲ್ಲಿ ಇಂಥವನ್ನು ಬಿಟ್ಟು ಉಳಿದದ್ದು ನನ್ನ ಹಪ್ಪಳದ ಜಾತಿಯದು. ಇಂಗ್ಲಿಷಿನಲ್ಲಿ ಇದಕ್ಕೆ ಸ್ಕ್ರೇಪಿಂಗ್ ಎನ್ನುತ್ತಾರೆ, ಅಂದರೆ ಕೆರೆದುಕೊಳ್ಳುವುದು. ಕಾಯಿ ತುರಿದುಕೊಂಡು ಚಿಪ್ಪು ಬಿಸಾಡಿದ ಹಾಗೆ, ಒಂದು ಪುಟ್ಟ ಪ್ರೋಗ್ರಾಂ ಪುಟದ ಬರಹವನ್ನಷ್ಟೇ ತುರಿದುಕೊಂಡು ಬರೆದವರ ಹೆಸರು ಬಿಟ್ಟು, ಸುತ್ತ ಜಾಹೀರಾತು ಕಟ್ಟಿ ಬೇರೆ ಕಡೆ ಇಡುತ್ತದೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಎರಡು ಪುಟ ಅಕ್ಷರಶಃ ಒಂದೇ ಆಗಿದ್ದರೆ ಕೆಲಸ ಸುಲಭ. ಪುಟದ ಬರಹವನ್ನೆಲ್ಲ ಒಂದು ಲೆಕ್ಕಕ್ಕೆ ಹಾಕಿ ಹೆಬ್ಬೆಟ್ಟಿನ ಗುರುತಿನಂಥ ಒಂದು ಸಂಖ್ಯೆ ಪಡೆಯಬಹುದು. ಇದಕ್ಕೆ ಹ್ಯಾಶ್ ಎಂದು ಹೆಸರು. ಸಂಖ್ಯೆ ಒಂದೇ ಆದರೆ ಬರಹವೂ ಒಂದೇ ಎನ್ನಲು ಅಡ್ಡಿಯಿಲ್ಲ. ತೊಂದರೆ ಏನೆಂದರೆ ಮಾಮೂಲಿ ಹ್ಯಾಶ್ ಬಲು ಮಡಿವಂತ. ಒಂದು ಅಲ್ಪವಿರಾಮ ಸರಿದರೂ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ.

ಕನ್ನಡದಲ್ಲಿ ಈ ಮಡಿ ಇನ್ನೂ ಕಷ್ಟ. ಯೂನಿಕೋಡ್‌ನಲ್ಲಿ ‘ಕೊ’ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿ ಇಡಬಹುದು, ಎತ್ವ ಮತ್ತು ದೀರ್ಘದ ಕೊಂಬು ಎಂಬ ಎರಡು ಸಂಕೇತಗಳನ್ನು ಜೋಡಿಸಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ‘ಕೊ’, ಯಂತ್ರಕ್ಕೆ ಮಾತ್ರ ಬೇರೆ ಬೇರೆ. ‘ರ‍್ಯಾಂಕ್’ ಎಂದು ಬರೆಯುವಾಗ ರಕಾರದ ಬೆನ್ನಿಗೆ ಕಣ್ಣಿಗೆ ಕಾಣದ ಒಂದು ಜೋಡಕ ಕೂತಿರುತ್ತದೆ, ಅದು ಇದ್ದರೂ ಇಲ್ಲದಿದ್ದರೂ ಸಂಖ್ಯೆ ಬದಲು. ಹಳೆಯ ನುಡಿ, ಬರಹ ಫಾಂಟುಗಳ ಕಾಲದ ಪುಟಗಳಂತೂ ಹೊರಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಅದೇ ಲೇಖನ ಯೂನಿಕೋಡ್‌ಗೆ ಬಂದರೆ ಯಂತ್ರದ ಲೆಕ್ಕದಲ್ಲಿ ಅವೆರಡಕ್ಕೂ ದೂರದ ನೆಂಟಸ್ತಿಕೆಯೂ ಇಲ್ಲ. ಹಾಗಾಗಿ ಹೋಲಿಸುವ ಮೊದಲು ಬರಹವನ್ನು ಒಂದು ಹದಕ್ಕೆ ತಂದುಕೊಳ್ಳಬೇಕು, ಅಂದರೆ ಸಂಕೇತಗಳನ್ನು ಒಂದೇ ರೂಪಕ್ಕೆ ಇಳಿಸಿ, ಪುಟದ ಮೇಲೆ ಕೆಳಗಿನ ಪಟ್ಟಿ, ಜಾಹೀರಾತು ಕಳೆಯಬೇಕು.

ಅಷ್ಟಾದರೂ ಕಳ್ಳ ಒಂದೆರಡು ಪದ ತಿರುಚಿದ್ದರೆ? ಇದಕ್ಕೆ ಒಂದು ಒಳ್ಳೆಯ ಉತ್ತರ ಬಂದದ್ದು 1997ರಲ್ಲಿ. ಆಲ್ಟಾವಿಸ್ಟಾ ಎಂಬ ಅಂದಿನ ಹುಡುಕುಯಂತ್ರವನ್ನು ಕಟ್ಟಿದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಆಂಡ್ರೇ ಬ್ರೋಡರ್ ಮತ್ತು ಸಂಗಡಿಗರು ಒಂದು ಉಪಾಯ ಹೂಡಿದರು. ಅದಕ್ಕೆ ಅವರು ಇಟ್ಟ ಹೆಸರು ಶಿಂಗ್ಲಿಂಗ್. ಶಿಂಗಲ್ ಎಂದರೆ ಚಾವಣಿಗೆ ಒಂದರ ಮೇಲೊಂದು ತುಸು ಹೊದ್ದುಕೊಳ್ಳುವಂತೆ ಹೊದಿಸುವ ಮರದ ಹಲಗೆ. ನಮ್ಮಲ್ಲಿ ಮಂಗಳೂರು ಹೆಂಚು ಹೊದಿಸಿದ ಹಾಗೆ.

ನನ್ನ ಸಾಲನ್ನೇ ಹೆಂಚು ಮಾಡಿ ನೋಡೋಣ. ‘ಬಲಿತ ಹಲಸಿನ ಸೊಳ್ಳೆ ಬಿಡಿಸಿ ಉಗಿಯಲ್ಲಿ ಬೇಯಿಸಿ ಒರಳಿನಲ್ಲಿ ನುಣ್ಣಗೆ ಕುಟ್ಟಿ.’ ಒಟ್ಟು ಒಂಬತ್ತು ಪದ. ಮೂರು ಮೂರು ಪದ ಹಿಡಿದು, ಪ್ರತಿ ಸಲ ಒಂದೊಂದೇ ಪದ ಮುಂದೆ ಸರಿಯುತ್ತ ಹೋದರೆ ‘ಬಲಿತ ಹಲಸಿನ ಸೊಳ್ಳೆ’, ‘ಹಲಸಿನ ಸೊಳ್ಳೆ ಬಿಡಿಸಿ’, ‘ಸೊಳ್ಳೆ ಬಿಡಿಸಿ ಉಗಿಯಲ್ಲಿ’ ಹೀಗೆ ‘ಒರಳಿನಲ್ಲಿ ನುಣ್ಣಗೆ ಕುಟ್ಟಿ’ ತನಕ ಏಳು ಹೆಂಚು. ಈಗ ಕದ್ದವರು ‘ಬೇಯಿಸಿ’ಯನ್ನು ‘ಬೇಯಿಸಿಕೊಂಡು’ ಮಾಡಿದರು ಅನ್ನಿ. ಆ ಪದ ಇರುವ ಮೂರು ಹೆಂಚು ಒಡೆದವು, ನಾಲ್ಕು ಉಳಿದವು. ಎರಡೂ ಕಡೆಯ ಹೆಂಚು ಒಟ್ಟು ಹತ್ತು ಬಗೆ, ಅದರಲ್ಲಿ ನಾಲ್ಕು ಸಮಾನ. ಹೋಲಿಕೆ ಶೇ 40. ಚಿಕ್ಕ ಸಾಲಿನಲ್ಲಿ ಇದು ಕಡಿಮೆ ಎನಿಸಬಹುದು. 500 ಪದಗಳ ಬರಹದ ನಡುವೆ ಒಂದೇ ಪದ ಬದಲಿಸಿದರೆ 498 ಹೆಂಚುಗಳಲ್ಲಿ ಒಡೆಯುವುದು ಮೂರೇ, ಹೋಲಿಕೆ ಶೇ 98ನ್ನು ದಾಟುತ್ತದೆ. ಪದಗಳ ಜಾಗ ಅದಲುಬದಲಾದರೂ ಹೆಂಚು ಒಡೆಯುತ್ತದೆ, ಆದ್ದರಿಂದ ಬರೀ ಪದ ಎಣಿಸುವುದಕ್ಕಿಂತ ಇದು ಚುರುಕು.

ಆದರೆ ಕೋಟಿ ಪುಟಗಳನ್ನು ಒಂದಕ್ಕೊಂದು ಹೀಗೆ ತಾಳೆ ನೋಡುತ್ತ ಕೂತರೆ ಯುಗ ಕಳೆದೀತು. ಬ್ರೋಡರ್ ಅವರ ನಿಜವಾದ ಚಳಕ ಮುಂದಿನದು. ಆ ಹತ್ತು ಬಗೆಯ ಹೆಂಚುಗಳ ಹೆಸರನ್ನು ಹತ್ತು ಚೀಟಿಗಳಲ್ಲಿ ಬರೆದು ಚೆನ್ನಾಗಿ ಕಲಸಿ ಸಾಲಾಗಿ ಇಡಿ. ನನ್ನ ಪುಟದ ಹೆಂಚುಗಳಲ್ಲಿ ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ಬಂದದ್ದು ಯಾವುದು? ಕದ್ದ ಪುಟದ್ದರಲ್ಲಿ ಮುಂದೆ ಬಂದದ್ದು ಯಾವುದು? ಎರಡಕ್ಕೂ ಒಂದೇ ಚೀಟಿ ಬರಬೇಕಾದರೆ, ಸಾಲಿನ ಮೊಟ್ಟಮೊದಲ ಚೀಟಿ ಎರಡೂ ಕಡೆ ಇರುವ ನಾಲ್ಕರಲ್ಲಿ ಒಂದಾಗಿರಬೇಕು. ಅದರ ಸಾಧ್ಯತೆ ಹತ್ತಕ್ಕೆ ನಾಲ್ಕು, ಅಂದರೆ ಹೋಲಿಕೆ ಎಷ್ಟೋ ಅಷ್ಟೇ! ನೂರು ಸಲ ಕಲಸಿ ನೋಡಿದರೆ ಹೆಚ್ಚುಕಡಿಮೆ ನಲವತ್ತು ಸಲ ಚೀಟಿ ಕೂಡಿಬರುತ್ತದೆ. ಹಾಗಾಗಿ ಇಡೀ ಪುಟ ಇಟ್ಟುಕೊಳ್ಳಬೇಕಿಲ್ಲ, ಪ್ರತಿ ಕಲಸಿನಲ್ಲಿ ಮುಂದೆ ಬಂದ ಚೀಟಿಯ ಸಂಖ್ಯೆ ಬರೆದಿಟ್ಟುಕೊಂಡರೆ ಸಾಕು. ಚೀಟಿ ಎತ್ತಿ ಪುಟಗಳ ನೆಂಟಸ್ತಿಕೆ ಹೇಳುವ ಈ ಲೆಕ್ಕ ಗಣಕ ವಿಜ್ಞಾನದ ಅತಿ ಚೆಂದದ ಲೆಕ್ಕಗಳಲ್ಲಿ ಒಂದು ಎಂದು ನನ್ನ ಅನಿಸಿಕೆ.

ಅವರು ಅಂದು ಹತ್ತು ಪದದ ಹೆಂಚು ಬಳಸಿ 3 ಕೋಟಿ ಪುಟ ಜಾಲಾಡಿದರು. 1 ಕೋಟಿ 23 ಲಕ್ಷ ಪುಟಗಳು ಒಂದಲ್ಲ ಒಂದು ನಕಲಿನ ಗುಂಪಿಗೆ ಸೇರಿದವು.

ಮುಂದೆ ಜಾಲ ಉಬ್ಬಿತು, ಲೆಕ್ಕ ಇನ್ನೂ ಹಗುರಾಗಬೇಕಾಯಿತು. ಮುಂಬೈ ಐಐಟಿಯಲ್ಲಿ ಓದಿದ ಮೋಸೆಸ್ ಚಾರಿಕರ್ 2002ರಲ್ಲಿ ತೋರಿಸಿದ ದಾರಿಗೆ ಸಿಮ್‌ಹ್ಯಾಶ್ ಎಂದು ಹೆಸರಾಯಿತು. ಇದರಲ್ಲಿ ಪುಟದ ಪ್ರತಿ ಪದವೂ 64 ಮನೆಗಳಲ್ಲಿ ಹೌದು ಅಥವಾ ಅಲ್ಲ ಎಂದು ಮತ ಹಾಕುತ್ತದೆ, ಮುಖ್ಯ ಪದದ ಮತಕ್ಕೆ ತೂಕ ಹೆಚ್ಚು. ಪ್ರತಿ ಮನೆಯಲ್ಲೂ ಬಹುಮತ ಯಾವ ಕಡೆಗೋ ಅದೇ ಆ ಮನೆಯ ಅಂಕಿ, ಸೊನ್ನೆ ಅಥವಾ ಒಂದು. ಊರಿನಲ್ಲಿ ನಾಲ್ಕು ಜನ ಪಕ್ಷ ಬದಲಿಸಿದರೆ ಫಲಿತಾಂಶ ತಲೆಕೆಳಗಾಗುವುದು ಅಪರೂಪ. ಹಾಗೆಯೇ ನಾಲ್ಕು ಪದ ತಿರುಚಿದರೆ ಬದಲಾಗುವುದು ಒಂದೆರಡು ಮನೆಯಷ್ಟೇ. ಗೂಗಲ್‌ನ ಗುರ್ಮೀತ್ ಸಿಂಗ್ ಮಂಕು ಮತ್ತು ಇಬ್ಬರು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, 800 ಕೋಟಿ ಪುಟಗಳ ಮಟ್ಟದಲ್ಲಿ ಎರಡು ಗುರುತುಗಳ ನಡುವೆ ಮೂರು ಮನೆಯೊಳಗಿನ ವ್ಯತ್ಯಾಸವಿದ್ದರೆ ಹೆಚ್ಚುಕಡಿಮೆ ನಕಲು ಎಂದು ಹಿಡಿಯುವುದು ಒಳ್ಳೆಯ ಅಳತೆ. ಒಂದು ಪುಟಕ್ಕೆ ಎಂಟು ಬೈಟ್. 800 ಕೋಟಿ ಪುಟಗಳ ಗುರುತೆಲ್ಲ ಸೇರಿ 64 ಜಿಬಿ, ಇವತ್ತು ಕಿಸೆಯ ಪೆನ್‌ಡ್ರೈವಿನಲ್ಲಿ ಕೂರುವಷ್ಟು.

ಇವೆಲ್ಲಕ್ಕೂ ಕುರುಡು ಜಾಗಗಳಿವೆ. ಇಂಗ್ಲಿಷ್ ಲೇಖನ ಕದ್ದು ಕನ್ನಡಕ್ಕೆ ತಂದರೆ ಒಂದು ಹೆಂಚೂ ಕೂಡುವುದಿಲ್ಲ. ಕೃತಕ ಬುದ್ಧಿಮತ್ತೆಗೆ ಕೊಟ್ಟು ಇಡೀ ಬರಹವನ್ನು ಬೇರೆ ಮಾತಿನಲ್ಲಿ ಬರೆಸಿದರೂ ಅಷ್ಟೇ. ಅರ್ಥವನ್ನೇ ಸಂಖ್ಯೆಯಾಗಿಸಿ ಹೋಲಿಸುವ ವಿಧಾನಗಳು ಈಗ ಇವೆ, ಆದರೆ ಒಂದೇ ವಿಷಯದ ಮೇಲೆ ಇಬ್ಬರು ಪ್ರಾಮಾಣಿಕವಾಗಿ ಬರೆದರೂ ಅರ್ಥ ಹತ್ತಿರವೇ ಇರುತ್ತದಲ್ಲ!

ಸರಿ, ನಕಲು ಸಿಕ್ಕಿತು. ಮುಂದೇನು? ನಕಲು ಹಾಕಿದವರಿಗೆ ಗೂಗಲ್ ದಂಡ ಹಾಕುತ್ತದೆ ಎಂಬ ನಂಬಿಕೆ ಜಾಲತಾಣ ನಡೆಸುವವರಲ್ಲಿ ಗಟ್ಟಿಯಾಗಿದೆ. ಬರೀ ನಕಲಿಗೆಂದು ಅಂಥ ದಂಡವಿಲ್ಲ ಎಂದು ಗೂಗಲ್ 2008ರಲ್ಲೇ ಹೇಳಿತ್ತು. ಅದು ಮಾಡುವುದು ಇಷ್ಟೇ: ಒಂದೇ ಬಗೆಯವನ್ನು ಗುಂಪು ಕಟ್ಟಿ, ಒಂದನ್ನು ಗುಂಪಿನ ಮುಖವಾಗಿ ಮುಂದಿಟ್ಟು, ಉಳಿದವನ್ನು ಮರೆಗೆ ಸರಿಸುತ್ತದೆ. ಬರೀ ಕದ್ದ ಸರಕಿನಿಂದಲೇ ಅಂಗಡಿ ತೆರೆದವರ ಕತೆ ಬೇರೆ. 2011ರ ಫೆಬ್ರವರಿಯಲ್ಲಿ ಬಂದ, ‘ಪಾಂಡಾ’ ಎಂದು ಕರೆಯುವ ಬದಲಾವಣೆ ಅಮೆರಿಕದ ಶೇ 11.8ರಷ್ಟು ಹುಡುಕಾಟಗಳ ಫಲಿತಾಂಶವನ್ನು ಅಲುಗಾಡಿಸಿತು, ಹುರುಳಿಲ್ಲದ ತಾಣಗಳು ಕೆಳಗಿಳಿದವು. ಹೆಸರು ಕರಡಿಯದಲ್ಲ, ನವನೀತ್ ಪಾಂಡಾ ಎಂಬ ಎಂಜಿನಿಯರ್ ಅವರದು.

ಗುಂಪಿನ ಮುಖ ಯಾವುದಾಗಬೇಕು? ನನ್ನ ಹಪ್ಪಳ ಸೋತದ್ದು ಇಲ್ಲೇ. ಮೊದಲು ಪ್ರಕಟವಾದದ್ದೇ ಮೂಲ ಎನ್ನೋಣವೆಂದರೆ, ಯಂತ್ರಕ್ಕೆ ಗೊತ್ತಿರುವುದು ತಾನು ಮೊದಲು ಯಾವುದನ್ನು ಕಂಡೆ ಎಂಬುದು ಮಾತ್ರ. ದಿನಕ್ಕೆ ನೂರು ಪುಟ ಸೇರಿಸುವ ತಾಣಕ್ಕೆ ಅದರ ಜೇಡ, ಅಂದರೆ ಪುಟ ಓದುತ್ತ ಜಾಲದಲ್ಲಿ ಅಲೆಯುವ ಪ್ರೋಗ್ರಾಂ, ಪದೇ ಪದೇ ಬರುತ್ತದೆ, ತಿಂಗಳಿಗೊಮ್ಮೆ ಬರೆಯುವ ನನ್ನಂಥವರ ಬಾಗಿಲಿಗೆ ಯಾವಾಗಲೋ. ನಾನು ಬೆಳಿಗ್ಗೆ ಹಾಕಿದ್ದನ್ನು ಮಧ್ಯಾಹ್ನ ಕದ್ದವರು ಸಂಜೆಗೇ ಯಂತ್ರದ ಕಣ್ಣಿಗೆ ಬಿದ್ದಿರುತ್ತಾರೆ. ಪುಟದ ಮೇಲಿನ ದಿನಾಂಕವನ್ನು ಯಾರು ಬೇಕಾದರೂ ಹಿಂದಕ್ಕೆ ತಿರುಗಿಸಬಹುದು. ಹೀಗಾಗಿ ಯಂತ್ರ ಸುತ್ತಲಿನ ಸಾಕ್ಷಿ ಹುಡುಕುತ್ತದೆ, ಮುಖ್ಯವಾಗಿ ಯಾವ ಪುಟಕ್ಕೆ ಬೇರೆಯವರ ಪುಟಗಳಿಂದ ಕೊಂಡಿಗಳಿವೆ, ಯಾವ ತಾಣಕ್ಕೆ ಹೆಸರಿದೆ ಎಂದು. 2009ರಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂರೂ ಕೂಡಿ ‘ಕೆನಾನಿಕಲ್’ ಎಂಬ ಗುರುತನ್ನು ತಂದವು. ‘ಈ ಪುಟದ ಅಸಲು ವಿಳಾಸ ಇಂಥದ್ದು’ ಎಂದು ಪುಟದ ಒಳಗೇ ಬರೆದಿಡುವ ಒಂದು ಸಾಲು ಅದು. ಒಂದೇ ಮನೆಯ ಪ್ರತಿಗಳಿಗೆ ಅನುಕೂಲ. ಆದರೆ ಅದು ಯಂತ್ರಕ್ಕೊಂದು ಸೂಚನೆ ಮಾತ್ರ, ಆಜ್ಞೆಯಲ್ಲ. ಕಳ್ಳನಂತೂ ಅಸಲು ವಿಳಾಸ ಬರೆದು ಇಡುವವನಲ್ಲ.

ಗೂಗಲ್‌ಗೂ ಇದು ಮುಜುಗರ ತಂದದ್ದುಂಟು. ಕದ್ದ ಪುಟ ಮೂಲಕ್ಕಿಂತ ಮೇಲೆ ಕಂಡರೆ ತಿಳಿಸಿ ಎಂದು ಮ್ಯಾಟ್ ಕಟ್ಸ್ 2014ರ ಫೆಬ್ರವರಿಯಲ್ಲಿ ಟ್ವಿಟರ್‌ನಲ್ಲಿ ಕೇಳಿದರು. ಒಬ್ಬರು ತಕ್ಷಣ ಒಂದು ಚಿತ್ರ ಕಳಿಸಿದರು. ಸ್ಕ್ರೇಪರ್ ತಾಣ ಎಂದರೇನು ಎಂದು ಗೂಗಲ್‌ನಲ್ಲೇ ಹುಡುಕಿದ್ದರು. ವಿಕಿಪೀಡಿಯದ ವಿವರಣೆಯನ್ನು ಎತ್ತಿ ಗೂಗಲ್ ತನ್ನದೇ ಪೆಟ್ಟಿಗೆಯಲ್ಲಿ ಮೇಲೆ ತೋರಿಸಿತ್ತು, ವಿಕಿಪೀಡಿಯದ ಕೊಂಡಿ ಅದರ ಕೆಳಗಿತ್ತು!

ಹುಡುಕುಯಂತ್ರ ನ್ಯಾಯಾಲಯವಲ್ಲ. ಎರಡು ಬರಹ ಒಂದೇ ಎಂದು ಅದು ಬಲು ಚೆನ್ನಾಗಿ ಹೇಳಬಲ್ಲದು, ಯಾರದೆಂದು ಊಹಿಸುತ್ತದೆ ಅಷ್ಟೆ. ಹಕ್ಕಿನ ತಕರಾರಿಗೆ ಕೃತಿಸ್ವಾಮ್ಯ ಕಾನೂನೇ ದಾರಿ. ಅಮೆರಿಕದ 1998ರ ಕಾನೂನಿನಡಿ ಗೂಗಲ್‌ಗೆ ಅರ್ಜಿ ಹಾಕಿದರೆ ಕದ್ದ ಪುಟವನ್ನು ಫಲಿತಾಂಶದಿಂದ ತೆಗೆಸಬಹುದು, ನಮ್ಮಲ್ಲೂ 1957ರ ಕೃತಿಸ್ವಾಮ್ಯ ಕಾಯ್ದೆಯಡಿ ದೂರು ಕೊಡಲು ಅವಕಾಶವಿದೆ. ನಾನು ಅರ್ಜಿಯ ಅರ್ಧ ತುಂಬಿ ಬಿಟ್ಟೆ. ಹಪ್ಪಳಕ್ಕೆ ಅಷ್ಟೆಲ್ಲ ಏಕೆ ಎನಿಸಿತು. ಸೋಮಾರಿತನ ಅಂದರೂ ಸರಿಯೇ.

ಕೊಂಡಿಯ ವಿಷಯದಲ್ಲಿ ಮಾತ್ರ ಓದುಗರ ಕೈಯಲ್ಲೂ ಸ್ವಲ್ಪ ಇದೆ. ವಾಟ್ಸ್ಯಾಪ್‌ನಲ್ಲಿ ಕಳಿಸಿದ್ದು ಹುಡುಕುಯಂತ್ರಕ್ಕೆ ಕಾಣುವುದಿಲ್ಲ. ನಿಮ್ಮದೇ ಜಾಲತಾಣವಿದ್ದು, ಯಾರದೋ ಬರಹವನ್ನು ಅಲ್ಲಿ ಮೆಚ್ಚಿ ಬರೆಯುತ್ತಿದ್ದರೆ, ಬರೆದವರ ಪುಟಕ್ಕೇ ಒಂದು ಕೊಂಡಿ ಹಾಕಿ. ಯಂತ್ರ ಎಣಿಸುವ ಸಾಕ್ಷಿ ಅದು.

ನನ್ನ ಪುಟದಲ್ಲಿ ಅದೇ ದಿನ ‘ಸೊಳೆ’ ಎಂದು ತಿದ್ದಿದೆ. ಆ ಎರಡು ತಾಣಗಳಲ್ಲಿ ಇವತ್ತಿಗೂ ಸೊಳ್ಳೆಯೇ ಬೇಯುತ್ತಿದೆ.