ಗೆಳೆಯನ ಸ್ಕ್ರೀನ್‌ಶಾಟ್, ನನ್ನ ಎಫ್‌ಡಿ: ರಿಸ್ಕ್ ತಗೊಳ್ಳೋದಾ, ಬೇಡ್ವಾ?

ಮೊಬೈಲ್‌ನಲ್ಲೇ ಆಪ್ಷನ್ಸ್ ಟ್ರೇಡಿಂಗ್ ಮಾಡಿ ನಿಮಿಷಗಳಲ್ಲಿ ಸಾವಿರಾರು ರೂಪಾಯಿ ಗಳಿಸಿದ ಕಥೆಗಳನ್ನು ನೀವೂ ಕೇಳಿರುತ್ತೀರಿ. ಆ ಕಥೆಗಳ ಹಿಂದಿನ ಲೆಕ್ಕ ಏನು? ಪಾಡ್‌ಕಾಸ್ಟ್‌ನ ಪಠ್ಯ ರೂಪ ಇಲ್ಲಿದೆ.

ಬಸ್ಸಲ್ಲಿದ್ದೀರೋ, ಮೆಟ್ರೊದಲ್ಲಿದ್ದೀರೋ, ಇಯರ್‌ಫೋನ್ ಹಾಕ್ಕೊಂಡ್ರಿ ತಾನೇ? ಇವತ್ತು ನನ್ನದೇ ಕಥೆಯಿಂದ ಶುರು ಮಾಡ್ತೀನಿ.

ದುಡ್ಡಿನ ವಿಷಯದಲ್ಲಿ ನಾನು ಪುಕ್ಕಲ. ಅದಕ್ಕೆ ಕಾರಣವೂ ಇದೆ. ನಾನು ಸ್ಕೂಲಲ್ಲಿದ್ದಾಗ ಅಪ್ಪ ಊರಲ್ಲಿ ಪರಿಚಯದವರೊಬ್ಬರ ಹತ್ರ ಚೀಟಿ ಹಾಕಿದ್ದರು. ಅಕ್ಕನ ಮದುವೆಗೆ ಅಂತ ತಿಂಗಳು ತಿಂಗಳು ಕಟ್ಟಿದ ದುಡ್ಡು. ಒಂದು ದಿನ ಚೀಟಿ ನಡೆಸ್ತಿದ್ದವರು ಮನೆಗೆ ಬೀಗ ಹಾಕಿಕೊಂಡು ಹೋದರು. ಅವತ್ತಿಂದ ನಮ್ಮನೇಲಿ ಉಳಿತಾಯ ಅಂದ್ರೆ ಬ್ಯಾಂಕು, ಪೋಸ್ಟ್ ಆಫೀಸು, ಅಷ್ಟೇ. ನನ್ನ ಮೊದಲ ಸಂಬಳದಲ್ಲಿ ಉಳಿದಿದ್ದೂ ಎಫ್‌ಡಿಗೇ ಹೋಯ್ತು.

ಹೀಗಿರುವಾಗ ಒಂದು ದಿನ ಪಿಜಿಯಲ್ಲಿ ಊಟ ಮಾಡ್ತಿದ್ದಾಗ ರೂಮ್‌ಮೇಟ್ ಮೊಬೈಲ್ ಮುಂದೆ ಹಿಡಿದ. ‘ಮಗಾ, ನೋಡಿಲ್ಲಿ. 12 ನಿಮಿಷ, 18 ಸಾವಿರ!’

ಖುಷಿ ಆಯ್ತು ಅಂದೆ. ಒಳಗೆ ಹೊಟ್ಟೆ ಉರೀತಿತ್ತು. ಯಾಕಂದ್ರೆ ನನ್ನ 3 ಲಕ್ಷದ ಎಫ್‌ಡಿಗೆ ಶೇ 7ರ ಬಡ್ಡಿ ಅಂದ್ರೂ ವರ್ಷಕ್ಕೆ ಬರೋದು 21 ಸಾವಿರ. ಅವನಿಗೆ ಹೆಚ್ಚುಕಮ್ಮಿ ಅಷ್ಟು ಒಂದು ಊಟದ ಹೊತ್ತಲ್ಲಿ ಬಂತು. ಮರುವಾರ ನಾನೂ 20 ಸಾವಿರ ಹಾಕಿದೆ. ಮೊದಲ ದಿನ 3,200 ಲಾಭ. ಅವತ್ತು ರಾತ್ರಿ ನಾನು ಎಷ್ಟು ಬುದ್ಧಿವಂತ ಅಂತ ನನಗೇ ಅನ್ನಿಸಿತು! ವಾರದ ಕೊನೆಗೆ ಅಕೌಂಟಲ್ಲಿ ಉಳಿದದ್ದು 1,900 ರೂಪಾಯಿ.

ಏನಾಯ್ತು ಅಂತ ಆಮೇಲೆ ಕೂತು ಓದಿದೆ. ಆಪ್ಷನ್ ಅಂದ್ರೆ ಏನು ಅಂತ ಸೈಟಿನ ಉದಾಹರಣೆಯಲ್ಲಿ ಹೇಳ್ತೀನಿ.

40 ಲಕ್ಷದ ಸೈಟು. ನೀವು 50 ಸಾವಿರ ಕೊಟ್ಟು, ‘ಇನ್ನೊಂದು ತಿಂಗಳಲ್ಲಿ ಇದನ್ನ 40 ಲಕ್ಷಕ್ಕೇ ಕೊಳ್ಳೋ ಹಕ್ಕು ನಂದು’ ಅಂತ ಬರೆಸ್ಕೊಳ್ತೀರಿ. ತಿಂಗಳೊಳಗೆ ಸೈಟಿನ ಬೆಲೆ 45 ಲಕ್ಷ ಆದ್ರೆ, 50 ಸಾವಿರಕ್ಕೆ ನಾಲ್ಕೂವರೆ ಲಕ್ಷ ಲಾಭ. ಬೆಲೆ ಏರದೇ ಇದ್ರೆ 50 ಸಾವಿರ ಹೋಯ್ತು. ಶೇರು ಪೇಟೆಯಲ್ಲಿ ಈ 50 ಸಾವಿರಕ್ಕೆ ಪ್ರೀಮಿಯಂ ಅಂತಾರೆ. ಒಂದು ತಿಂಗಳ ಬದಲು ಕೆಲವೇ ದಿನಗಳ ಗಡುವೂ ಇರಬಹುದು. ಬಿಸಿಲಲ್ಲಿಟ್ಟ ಐಸ್‌ಕ್ಯಾಂಡಿ ಥರ, ಗಡುವು ಹತ್ರ ಬರ್ತಾ ಬರ್ತಾ ಪ್ರೀಮಿಯಂ ಕರಗುತ್ತೆ. ಅಂದ್ರೆ ಮಾರ್ಕೆಟ್ ಮೇಲೆ ಹೋಗುತ್ತೆ ಅನ್ನೋ ನಿಮ್ಮ ಲೆಕ್ಕ ಸರಿಯಿದ್ರೂ, ಅದು ಎರಡು ದಿನ ತಡವಾಗಿ ಹೋದ್ರೆ ನಿಮ್ಮ ದುಡ್ಡು ಇರಲ್ಲ.

ಇದು ನನ್ನೊಬ್ಬನ ಕಥೆಯಲ್ಲ. ಶೇರು ಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್, ಅಂದ್ರೆ ಎಫ್ ಆ್ಯಂಡ್ ಓದಲ್ಲಿ ವಹಿವಾಟು ಮಾಡಿದ ಜನಸಾಮಾನ್ಯರಲ್ಲಿ ಶೇ 93ರಷ್ಟು ಮಂದಿಗೆ ನಷ್ಟ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಖರ್ಚುಗಳೆಲ್ಲಾ ಕಳೆದ ಮೇಲೆ 1 ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ಶೇ 1ರಷ್ಟು ಮಾತ್ರ. 2023–24ರಲ್ಲಿ ವಹಿವಾಟು ಮಾಡಿದವರಲ್ಲಿ ಶೇ 43ರಷ್ಟು ಜನ 30 ವರ್ಷದೊಳಗಿನವರು. ಅಂದ್ರೆ ನಾನು, ನೀವು.

ಹಾಗಾದ್ರೆ ಗೆದ್ದೋರು ಯಾರು? ಅದೇ ಅಧ್ಯಯನದ ಪ್ರಕಾರ, ಸ್ವಂತ ಬಂಡವಾಳದಲ್ಲಿ ವಹಿವಾಟು ಮಾಡೋ ಸಂಸ್ಥೆಗಳು ಮತ್ತು ವಿದೇಶಿ ಹೂಡಿಕೆದಾರರು. ಅವರ ಲಾಭದ ಬಹುಪಾಲು ಬಂದದ್ದು ಕಂಪ್ಯೂಟರ್ ಪ್ರೋಗ್ರಾಂ ಮೂಲಕ ನಡೆಯೋ ಆಲ್ಗೊ ಟ್ರೇಡಿಂಗ್‌ನಿಂದ. ಊಟದ ತಟ್ಟೆ ಪಕ್ಕ ಮೊಬೈಲ್ ಇಟ್ಕೊಂಡು ನಾವು ಎದುರಿಸ್ತಿರೋದು ಅವರನ್ನ.

10ರಲ್ಲಿ 9 ಜನ ನಷ್ಟ ಅನುಭವಿಸ್ತಾರೆ ಅನ್ನೋ ಎಚ್ಚರಿಕೆಯನ್ನ ಲಾಗಿನ್ ಆದಾಗ ತೋರಿಸಲೇಬೇಕು ಅನ್ನೋ ನಿಯಮ 2023ರ ಜುಲೈನಿಂದ ಇದೆ. ನಾನೂ ಅದನ್ನ ನೋಡಿದ್ದೆ. ಓದದೇ ‘ಓಕೆ’ ಒತ್ತಿದ್ದೆ.

ಹಾಗಂತ, ಎಫ್‌ಡಿಯೇ ಸರಿ ಅಂತ ಇಲ್ಲಿಗೇ ಮುಗಿಸಿಬಿಟ್ರೆ ಅದೂ ಅರ್ಧ ಸತ್ಯ. ಶೇ 7ರ ಬಡ್ಡಿಯಲ್ಲಿ ಶೇ 20 ತೆರಿಗೆ ಹೋದ್ರೆ ಉಳಿಯೋದು ಸುಮಾರು ಶೇ 5.6. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದ್ರೆ 12 ವರ್ಷದಲ್ಲಿ ಖರ್ಚು ಡಬಲ್. ಅಪ್ಪನ ಪಾಸ್‌ಬುಕ್ಕಲ್ಲಿ ದುಡ್ಡು ಹೆಚ್ಚಾಗ್ತಾನೇ ಇತ್ತು, ಅದು ಕೊಳ್ಳೋ ಸಾಮಾನು ಹೆಚ್ಚಾಗಲೇ ಇಲ್ಲ. ಪುಕ್ಕಲುತನಕ್ಕೂ ಒಂದು ಬೆಲೆ ಇದೆ. ಅದನ್ನ ನಾವು ಸದ್ದಿಲ್ಲದೆ ಕಟ್ತಾ ಇರ್ತೀವಿ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. 2020ರ ಜನವರಿಯಲ್ಲಿ 42 ಸಾವಿರ ದಾಟಿದ್ದ ಸೆನ್ಸೆಕ್ಸ್, ಕೋವಿಡ್ ಭಯದಲ್ಲಿ ಮಾರ್ಚ್ 23ಕ್ಕೆ 26 ಸಾವಿರಕ್ಕಿಂತ ಕೆಳಗಿಳಿಯಿತು. 2021ರ ಜನವರಿಯಲ್ಲಿ 50 ಸಾವಿರ ಮುಟ್ಟಿತು. ಸೂಚ್ಯಂಕದ ಕಂಪನಿಗಳಲ್ಲೆಲ್ಲಾ ದುಡ್ಡು ಹಾಕೋ ಇಂಡೆಕ್ಸ್ ಫಂಡ್ ಇಟ್ಕೊಂಡು ಸುಮ್ಮನೆ ಕಾದವರು ಉಳಿದುಕೊಂಡರು. ಪ್ರತಿ ಸಲ ಇಷ್ಟು ಬೇಗ ಏಳುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಆದ್ರೆ ಕಾಯೋಕೆ ಅವಕಾಶ ಇತ್ತು. ಆಪ್ಷನ್‌ನಲ್ಲಿ ಆ ಅವಕಾಶವೇ ಇಲ್ಲ, ಗಡುವು ಮುಗಿದ್ರೆ ಮುಗೀತು. ಎರಡನ್ನೂ ನಾವು ‘ಶೇರ್ ಮಾರ್ಕೆಟ್’ ಅಂತ ಒಂದೇ ಹೆಸರಲ್ಲಿ ಕರೀತೀವಿ. ಗೊಂದಲ ಶುರುವಾಗೋದೇ ಅಲ್ಲಿ.

ಇನ್ನು ಕಾಯೋಕೆ ಏನು ಬೇಕು? ಆ ದುಡ್ಡು ಸದ್ಯಕ್ಕೆ ಬೇಕಾಗಿರಬಾರದು. ಅದಕ್ಕೇ ಈಗ ನಾನು ಆರು ತಿಂಗಳ ಖರ್ಚನ್ನ ಎಫ್‌ಡಿಯಲ್ಲೇ ಬಿಟ್ಟಿದ್ದೀನಿ. ತಿಂಗಳಿಗೆ 4 ಸಾವಿರ ಇಂಡೆಕ್ಸ್ ಫಂಡ್‌ಗೆ ಎಸ್‌ಐಪಿ. ಅದು ಕೆಂಪಾದ ದಿನ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವರ್ಸ್ಕಿ 1979ರಲ್ಲೇ ಇದನ್ನ ವಿವರಿಸಿದ್ರು: ಗಳಿಸಿದ ಖುಷಿಗಿಂತ ಅಷ್ಟೇ ಮೊತ್ತ ಕಳ್ಕೊಂಡ ನೋವು ದೊಡ್ಡದು. ಹಾಗಾಗಿ ಸಂಕಟ ಆಗೋದು ತಪ್ಪಲ್ಲ. ಆ ಸಂಕಟದಲ್ಲಿ ಮಾರಿಬಿಡದೇ ಇರೋ ಅಷ್ಟು ಮೊತ್ತ ಮಾತ್ರ ಹಾಕಿದ್ರೆ ಸಾಕು.

ಕೊನೆಗೆ ನನ್ನ ರೂಮ್‌ಮೇಟ್ ಕಥೆ. ಆರು ತಿಂಗಳಾದ ಮೇಲೆ ಒಂದು ರಾತ್ರಿ, ‘ಮಗಾ, ಈ ತಿಂಗಳು ಪಿಜಿ ದುಡ್ಡು ನೀನೇ ಕಟ್ತೀಯಾ?’ ಅಂದ. ಹೋದ ದುಡ್ಡು ವಾಪಸ್ ತರೋಕೆ ಅಂತ ಪರ್ಸನಲ್ ಲೋನ್ ತೆಗೆದಿದ್ದ, ಅದೂ ಹೋಗಿತ್ತು. ಮನೇಲಿ ಹೇಳಿರಲಿಲ್ಲ. ಆ ಆರು ತಿಂಗಳಲ್ಲಿ ಅವನು ನನಗೆ ತೋರಿಸಿದ ಸ್ಕ್ರೀನ್‌ಶಾಟ್ ಎಲ್ಲಾ ಹಸಿರು. ಕೆಂಪಿನದ್ದು ಒಂದೂ ಇರಲಿಲ್ಲ.

ನಿಮ್ಮ ಗೆಳೆಯರಲ್ಲಿ ಯಾರಾದ್ರೂ ಹೀಗೆ ಸಿಕ್ಕಿಹಾಕಿಕೊಂಡಿದ್ರೆ ಉಪದೇಶ ಬೇಡ. ಜೊತೆಗೆ ಕೂತು, ಸಾಲ ಒಟ್ಟು ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆಸಿ. ನಾವೂ ಅಲ್ಲಿಂದಲೇ ಶುರು ಮಾಡಿದ್ವಿ. ಆ ಭಾನುವಾರ ಅವನು ಅಪ್ಪನಿಗೆ ಫೋನ್ ಮಾಡಿದ.